ಕೃತಕ ಕಾರ್ನಿಯಾ ಅಳವಡಿಕೆ: ಆತಗೂರು ಹೋಬಳಿಯ ಸಾರ್ವಜನಿಕರಿಗೆ ಮಾಹಿತಿ

ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವನ್ನು ಕಾರ್ನಿಯಾ ಎನ್ನುತ್ತಾರೆ. ಗಾಯ, ಹುಣ್ಣು ಅಥವಾ ಸುಟ್ಟಗಾಯದಿಂದ ಇದು ಬೆಳ್ಳಗಾಗಿ (ಹೂ ಬಿದ್ದು) ದೃಷ್ಟಿ ನಷ್ಟವಾದಲ್ಲಿ, ನೇತ್ರದಾನದಿಂದ ದೊರೆತ ಕಾರ್ನಿಯಾವನ್ನು ಕಸಿ ಮಾಡುವುದು ಮೊದಲ ಚಿಕಿತ್ಸೆಯಾಗಿರುತ್ತದೆ. ಇಂತಹ ಕಸಿ ಫಲಿಸದ ರೋಗಿಗಳಿಗೆ ಮಾತ್ರ ಕೃತಕ ಕಾರ್ನಿಯಾವನ್ನು ಪರಿಗಣಿಸಲಾಗುತ್ತದೆ.

ಯಾರಿಗೆ ಅನ್ವಯಿಸುತ್ತದೆ
1. ಹಿಂದೆ ಮಾಡಿದ ಕಸಿಗಳು ಪದೇ ಪದೇ ವಿಫಲವಾಗಿರುವವರು.
2. ಸುಣ್ಣ, ಆಮ್ಲ ಮುಂತಾದವುಗಳಿಂದ ಕಣ್ಣು ತೀವ್ರವಾಗಿ ಸುಟ್ಟಿರುವವರು.
3. ಔಷಧಿಯ ಪ್ರತಿಕ್ರಿಯೆಯಿಂದ ಬರುವ ಸ್ಟೀವನ್ಸ್–ಜಾನ್ಸನ್ ಕಾಯಿಲೆಯಿಂದ ಕಣ್ಣೀರು ಬತ್ತಿದವರು.

ಸಾಮಾನ್ಯವಾಗಿ ಎರಡೂ ಕಣ್ಣುಗಳ ದೃಷ್ಟಿ ತೀರಾ ಕುಂದಿರಬೇಕು; ಆದರೆ ಬೆಳಕಿನ ಅರಿವು ಉಳಿದಿರಬೇಕು. ಅಕ್ಷಿಪಟಲ ಅಥವಾ ದೃಷ್ಟಿನರ ಸಂಪೂರ್ಣ ಹಾನಿಗೊಂಡಿದ್ದಲ್ಲಿ ಈ ಚಿಕಿತ್ಸೆಯಿಂದ ಪ್ರಯೋಜನವಾಗುವುದಿಲ್ಲ.

ಮುಖ್ಯ ವಿಧಗಳು
ಅ) ಬಾಸ್ಟನ್ ಮಾದರಿ: ಅಮೆರಿಕದಲ್ಲಿ ಡಾ. ಕ್ಲೇಸ್ ಡೋಲ್ಮನ್ ಅವರು ರೂಪಿಸಿದ ಈ ಸಾಧನಕ್ಕೆ ಆ ದೇಶದಲ್ಲಿ 1992ರಲ್ಲಿ ಅನುಮತಿ ದೊರೆಯಿತು. ಇದೇ ಮಾದರಿಯ ಕಡಿಮೆ ವೆಚ್ಚದ ಸಾಧನವನ್ನು ಮಧುರೈನ ಅರೋಲ್ಯಾಬ್ ಸಂಸ್ಥೆಯು ತಯಾರಿಸಿದೆ. ಕಣ್ಣೀರು ಮತ್ತು ರೆಪ್ಪೆಗಳು ಸರಿಯಿರುವವರಿಗೆ ಇದು ಸೂಕ್ತ. ಸಾಧನವನ್ನು ದಾನಿಯ ಕಾರ್ನಿಯಾದಲ್ಲಿ ಕೂರಿಸಿ ಹೊಲಿಯುವುದರಿಂದ, ಇದಕ್ಕೂ ನೇತ್ರದಾನ ಅವಶ್ಯಕ.

ಆ) ಹಲ್ಲಿನ ಆಧಾರದ ಮಾದರಿ: ಇಟಲಿಯ ಸ್ಟ್ರಾಂಪೆಲ್ಲಿ ಅವರು 1960ರ ದಶಕದಲ್ಲಿ ಆರಂಭಿಸಿದ ವಿಧಾನ. ರೋಗಿಯದೇ ಹಲ್ಲು ಮತ್ತು ಮೂಳೆಯ ತುಣುಕಿನಲ್ಲಿ ಮಸೂರವನ್ನು ಕೂರಿಸಿ, ಕೆಲವು ತಿಂಗಳು ಶರೀರದೊಳಗೆ ಇರಿಸಿ, ನಂತರ ಕಣ್ಣಿಗೆ ಅಳವಡಿಸಲಾಗುತ್ತದೆ. ಕಣ್ಣು ಪೂರ್ಣ ಒಣಗಿದವರಿಗೆ ಇದನ್ನು ಪರಿಗಣಿಸಲಾಗುತ್ತದೆ.

ಶಸ್ತ್ರಚಿಕಿತ್ಸೆಯ ನಂತರ
ಬಾಸ್ಟನ್ ಮಾದರಿ ಪಡೆದವರು ಜೀವನಪರ್ಯಂತ ಪ್ರತಿದಿನ ಆಂಟಿಬಯೋಟಿಕ್ ಹನಿ ಹಾಕಿಕೊಳ್ಳಬೇಕು. ಗ್ಲಾಕೋಮಾ, ಸೋಂಕು ಹಾಗೂ ಸಾಧನದ ಹಿಂದೆ ಪೊರೆ ಬೆಳೆಯುವ ಸಂಭವವಿರುತ್ತದೆ. ತಪಾಸಣೆ ತಪ್ಪಿಸಿದಲ್ಲಿ ಮರಳಿದ ದೃಷ್ಟಿ ಮತ್ತೆ ನಷ್ಟವಾಗಬಹುದು. ಆದ್ದರಿಂದ ಪ್ರಯಾಣ ಮತ್ತು ಔಷಧಿಯ ಮುಂದಿನ ವೆಚ್ಚವನ್ನು ಕುಟುಂಬದವರು ಮೊದಲೇ ವಿಚಾರಿಸತಕ್ಕದ್ದು.

ಚಿಕಿತ್ಸೆ ಪಡೆಯುವ ಕ್ರಮ
1. ಮದ್ದೂರು ತಾಲ್ಲೂಕು ಆಸ್ಪತ್ರೆ ಅಥವಾ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ನೇತ್ರ ತಪಾಸಣೆ ಮಾಡಿಸಿ, ಶಿಫಾರಸು ಪತ್ರ ಪಡೆಯುವುದು.
2. ಬೆಂಗಳೂರಿನ ಸರ್ಕಾರಿ ಮಿಂಟೋ ಕಣ್ಣಿನ ಆಸ್ಪತ್ರೆಯಲ್ಲಿ ತಜ್ಞರ ಅಭಿಪ್ರಾಯ ಪಡೆಯುವುದು.
3. ಕೃತಕ ಕಾರ್ನಿಯಾ ಶಸ್ತ್ರಚಿಕಿತ್ಸೆಯು ಆಯ್ದ ಕೇಂದ್ರಗಳಲ್ಲಿ ಮಾತ್ರ ನಡೆಯುತ್ತದೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ ಹಾಗೂ ಚೆನ್ನೈನ ಶಂಕರ ನೇತ್ರಾಲಯ ಇದರಲ್ಲಿ ಅನುಭವವುಳ್ಳವು.
4. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸಾ ಸೌಲಭ್ಯವಿದೆ. ಈ ಶಸ್ತ್ರಚಿಕಿತ್ಸೆ ಹಾಗೂ ಹೊರರಾಜ್ಯದ ಆಸ್ಪತ್ರೆಯ ವೆಚ್ಚ ಅದರಲ್ಲಿ ಸೇರುವುದೇ ಎಂಬುದನ್ನು ದಾಖಲಾಗುವ ಮೊದಲೇ ಆರೋಗ್ಯಮಿತ್ರರಿಂದ ಖಚಿತಪಡಿಸಿಕೊಳ್ಳುವುದು.

ಜೊತೆಯಲ್ಲಿ ಒಯ್ಯಬೇಕಾದ ದಾಖಲೆಗಳು: ಆಧಾರ್, ಪಡಿತರ ಚೀಟಿ, ಶಿಫಾರಸು ಪತ್ರ, ಹಿಂದಿನ ಶಸ್ತ್ರಚಿಕಿತ್ಸೆಗಳ ವಿವರ.

ಮುನ್ನೆಚ್ಚರಿಕೆ
ಆಲೆಮನೆಯಲ್ಲಿ ಬಳಸುವ ಸುಣ್ಣ ಅಥವಾ ಸಿಮೆಂಟ್ ಕಣ್ಣಿಗೆ ಬಿದ್ದಲ್ಲಿ, ಕಣ್ಣುಜ್ಜದೆ, ತಕ್ಷಣ ಶುದ್ಧ ನೀರಿನಿಂದ ಕನಿಷ್ಠ ಅರ್ಧ ಗಂಟೆ ತೊಳೆದು ಆಸ್ಪತ್ರೆಗೆ ಧಾವಿಸಬೇಕು. ಕಬ್ಬಿನ ಗರಿ ತಾಗಿದ ಕಣ್ಣಿಗೆ ವೈದ್ಯರ ಸಲಹೆಯಿಲ್ಲದೆ ಯಾವುದೇ ಹನಿ ಅಥವಾ ನಾಟಿ ಔಷಧಿ ಹಾಕಬಾರದು. ಸಕಾಲದ ಆರೈಕೆಯಿಂದ ಅನೇಕರ ಕಾರ್ನಿಯಾವನ್ನು ಉಳಿಸಬಹುದಾಗಿದೆ.