ಕೊಟ್ಟಿಗೆಯ ಮಳೆನೀರು ಬಾವಿ, ಹೊಂಡಗಳನ್ನು ಸೇರದಂತೆ ತಡೆಯುವ ಕ್ರಮಗಳು

ಮುಂಗಾರಿನ ಮೊದಲ ಜೋರುಮಳೆಯಲ್ಲಿ ಕೊಟ್ಟಿಗೆಯ ಅಂಗಳದಿಂದ ಹರಿಯುವ ಕಂದುನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಒಮ್ಮೆ ಗಮನಿಸಿರಿ. ಅದು ತಿಪ್ಪೆಯ ಬುಡವನ್ನು ತೊಳೆದುಕೊಂಡು ತೆರೆದ ಬಾವಿ, ಕೃಷಿ ಹೊಂಡ ಅಥವಾ ಕೆರೆಯನ್ನು ಸೇರಬಹುದು. ಸಗಣಿಯಲ್ಲಿರುವ ಇ. ಕೋಲೈ, ಸಾಲ್ಮೊನೆಲ್ಲಾ ಮುಂತಾದ ಬ್ಯಾಕ್ಟೀರಿಯಾಗಳು ಅದರೊಡನೆ ಸಾಗಿ, ಮನೆಯವರಲ್ಲಿ ವಾಂತಿಭೇದಿಗೂ ಕರುಗಳಲ್ಲಿ ಭೇದಿಗೂ ಕಾರಣವಾಗುತ್ತವೆ. ಭಾರತೀಯ ಮಾನಕ ಐ.ಎಸ್. 10500ರ ಪ್ರಕಾರ ಕುಡಿಯುವ ನೀರಿನ 100 ಮಿ.ಲೀ. ಮಾದರಿಯಲ್ಲಿ ಇ. ಕೋಲೈ ಕಂಡುಬರಕೂಡದು. ತಿಳಿಯಾಗಿ ಕಾಣುವ ನೀರೆಲ್ಲವೂ ಶುದ್ಧವಲ್ಲ.

ಶುದ್ಧ ನೀರನ್ನು ಬೇರ್ಪಡಿಸುವುದು

ಕಲುಷಿತ ನೀರನ್ನು ಶುದ್ಧೀಕರಿಸುವುದಕ್ಕಿಂತ, ಮಳೆನೀರು ಸಗಣಿಯನ್ನು ಮುಟ್ಟದಂತೆ ಮಾಡುವುದು ಸುಲಭ ಹಾಗೂ ಅಗ್ಗ. 10 ಮೀ. ಉದ್ದ, 6 ಮೀ. ಅಗಲದ ಮಾಡಿನ ಮೇಲೆ 50 ಮಿ.ಮೀ. ಮಳೆ ಸುರಿದರೆ 3,000 ಲೀಟರ್ ನೀರು ಅಂಗಳಕ್ಕೆ ಬೀಳುತ್ತದೆ. ಸೂರಿನಂಚಿಗೆ ದೋಣಿಯನ್ನು ಕಟ್ಟಿ ಈ ನೀರನ್ನು ಬೇರೆಡೆಗೆ ಹರಿಸಿರಿ. ಸೀಳಿದ ಪಿವಿಸಿ ಪೈಪಾದರೂ ಸಾಕು. ಕೊಟ್ಟಿಗೆಯ ಮೇಲ್ಭಾಗದ ಇಳಿಜಾರಿನಿಂದ ಬರುವ ನೀರನ್ನು ಬದು ಹಾಗೂ ಕಾಲುವೆಯ ಮೂಲಕ ಪಕ್ಕಕ್ಕೆ ತಿರುಗಿಸಿರಿ. ಅನೇಕರು ಮೊದಲು ಅಂಗಳಕ್ಕೆ ಕಾಂಕ್ರೀಟ್ ಹಾಕಿಸುತ್ತಾರೆ. ದೋಣಿಯಿಲ್ಲದ ಕಾಂಕ್ರೀಟ್ ಅಂಗಳವು ಕೊಳೆನೀರನ್ನು ಇನ್ನಷ್ಟು ಬೇಗ ಚರಂಡಿಗೆ ತಳ್ಳುತ್ತದೆ, ಅಷ್ಟೆ.

ತಿಪ್ಪೆಯ ನಿರ್ವಹಣೆ

ತಿಪ್ಪೆಯು ಬಾವಿಯಿಂದ ಕನಿಷ್ಠ 15 ಮೀ. ದೂರದಲ್ಲಿ, ಬಾವಿಗಿಂತ ತಗ್ಗಿನಲ್ಲಿ ಇರಲಿ. ಸುತ್ತಲೂ ಏರಿ ಕಟ್ಟಿ, ಮಳೆಗಾಲದಲ್ಲಿ ಮೇಲೆ ಚಪ್ಪರ ಅಥವಾ ಟಾರ್ಪಾಲಿನ್ ಹೊದಿಸಿರಿ. ರಾಶಿಯು ಹಲವು ದಿನ 55 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಿ ಉಳಿದರೆ ರೋಗಾಣುಗಳು ಬಹುಪಾಲು ಸಾಯುತ್ತವೆ. ಆದರೆ ಹೊರಪದರವು ಅಷ್ಟು ಬಿಸಿಯಾಗುವುದಿಲ್ಲ. ಆದ್ದರಿಂದ ಆಗಾಗ ಮಗುಚಿ ಹಾಕುವುದು ಅಗತ್ಯ. ಗೋಬರ್ ಅನಿಲ ಸ್ಥಾವರದ ಬಗ್ಗಡದಲ್ಲಿ ರೋಗಾಣುಗಳು ಕಡಿಮೆಯಾಗಿರುತ್ತವೆಯೇ ಹೊರತು ಪೂರ್ಣವಾಗಿ ನಾಶವಾಗಿರುವುದಿಲ್ಲ. ಮಳೆಯ ಮುನ್ಸೂಚನೆ ಇರುವಾಗ ಬಗ್ಗಡವನ್ನಾಗಲಿ ಹಸಿ ಸಗಣಿಯನ್ನಾಗಲಿ ಹೊಲಕ್ಕೆ ಹಾಕಬಾರದು.

ಹುಲ್ಲಿನ ಪಟ್ಟಿ

ಉಳಿದ ಕೊಳೆನೀರನ್ನು ಅಂಗಳದ ಕೆಳಭಾಗದಲ್ಲಿ ದಟ್ಟ ಹುಲ್ಲಿನ ಪಟ್ಟಿಯ ಮೇಲೆ ಹಾಯಿಸಿರಿ. ನೇಪಿಯರ್ ಮೇವಿಗೆ ಉತ್ತಮವಾದರೂ ಬುಡಗಳ ನಡುವೆ ಮಣ್ಣು ಬರಿದಾಗಿರುವುದರಿಂದ ಈ ಕೆಲಸಕ್ಕೆ ಅಷ್ಟಾಗಿ ಒದಗದು; ನೆಲಕ್ಕೆ ಹಬ್ಬುವ ಗರಿಕೆ ಅಥವಾ ಒತ್ತಾಗಿ ನೆಟ್ಟ ಲಾವಂಚ ಮೇಲು. ನೀರು ಪಟ್ಟಿಯುದ್ದಕ್ಕೂ ತೆಳುವಾಗಿ ಹರಡಿ ಹರಿಯಬೇಕು. ಒಂದೇ ಕೊರಕಲಿನಲ್ಲಿ ನುಗ್ಗಿದರೆ ಪಟ್ಟಿ ಇದ್ದೂ ಇಲ್ಲದಂತೆಯೇ. ಹುಲ್ಲು ಸಗಣಿಯ ಕಣಗಳನ್ನು ಹಿಡಿಯಬಲ್ಲದು, ಆದರೆ ನೀರಿನಲ್ಲಿ ಬಿಡಿಯಾಗಿ ತೇಲುವ ಬ್ಯಾಕ್ಟೀರಿಯಾಗಳನ್ನು ಪೂರ್ಣವಾಗಿ ತಡೆಯಲಾರದು. ಹಾಗಾಗಿ ಇದು ಮೇಲಿನ ಕ್ರಮಗಳಿಗೆ ಪೂರಕವೇ ಹೊರತು ಬದಲಿಯಲ್ಲ.

ಬಾವಿಗೆ ಕೊಳೆನೀರು ನುಗ್ಗಿದಲ್ಲಿ

ರಾಡಿ ತಳ ಸೇರಿ ನೀರು ತಿಳಿಯಾದ ನಂತರ, 1,000 ಲೀಟರ್ ನೀರಿಗೆ ಸುಮಾರು 2.5 ಗ್ರಾಂನಂತೆ ಉತ್ತಮ ಗುಣಮಟ್ಟದ ಬ್ಲೀಚಿಂಗ್ ಪುಡಿಯನ್ನು ಬಳಸಿರಿ. ದುಂಡು ಬಾವಿಯ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ನೀರಿನ ಆಳದಿಂದಲೂ 785ರಿಂದಲೂ ಗುಣಿಸಿದರೆ (ಅಳತೆಗಳು ಮೀಟರಿನಲ್ಲಿರಲಿ) ನೀರಿನ ಪ್ರಮಾಣ ಲೀಟರಿನಲ್ಲಿ ದೊರೆಯುತ್ತದೆ. 2 ಮೀ. ವ್ಯಾಸದ ಬಾವಿಯಲ್ಲಿ 4 ಮೀ. ನೀರಿದ್ದರೆ 12,560 ಲೀಟರ್. ಅದಕ್ಕೆ ಸುಮಾರು 31 ಗ್ರಾಂ ಪುಡಿ ಬೇಕು. ಪುಡಿಯನ್ನು ಬಕೆಟ್ ನೀರಿನಲ್ಲಿ ಕದಡಿ, ಸುಣ್ಣದ ಗಸಿ ತಳ ಸೇರಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಬೆರೆಸಿ, ಕನಿಷ್ಠ 1 ಗಂಟೆ ಬಿಡಿರಿ. ನೀರಿನ ಪರೀಕ್ಷೆಯ ಫಲಿತಾಂಶ ಬರುವವರೆಗೆ ಕುದಿಸಿ ಆರಿಸಿದ ನೀರನ್ನೇ ಕುಡಿಯಿರಿ.