ಹಾಡು ಹಂಚಿದವರು ಯಾರು, ಸಿಕ್ಕಿಬೀಳುವವರು ಯಾರು?

ನಮ್ಮ ಗೋಣಿಬೀಡಿನ ಕಡೆ ಇಂಟರ್ನೆಟ್‌ಗಿಂತ ಮೊದಲು ಬಂದಿದ್ದು ಮೆಮೊರಿ ಕಾರ್ಡು. 2006ರ ಕೊನೆಯಲ್ಲಿ ‘ಮುಂಗಾರು ಮಳೆ’ ಬಿಡುಗಡೆ ಆಯ್ತಲ್ಲ, ಅದರ ಹಾಡುಗಳು ತೋಟದ ಲೈನ್ ಮನೆಗಳ ತನಕ ಬಂದಿದ್ದು ಬಹುಪಾಲು ಹೀಗೇ. ಮೂಡಿಗೆರೆಗೆ ಹೋದವರು ಮೊಬೈಲ್ ಅಂಗಡಿಯಲ್ಲಿ ಕಾರ್ಡು ಕೊಟ್ಟು, ಹತ್ತಿಪ್ಪತ್ತು ರೂಪಾಯಿಗೆ ಹಾಡು ‘ಹಾಕಿಸ್ಕೊಂಡು’ ಬರೋರು. ಆಮೇಲೆ ಬ್ಲೂಟೂತ್‌ನಲ್ಲಿ ಫೋನಿಂದ ಫೋನಿಗೆ ಹೋಗೋದು. ಆ ಚಿತ್ರದ ಸಂಗೀತ ನಿರ್ದೇಶಕ ಮನೋಮೂರ್ತಿ ಅಮೆರಿಕದಲ್ಲಿ ಸಾಫ್ಟ್‌ವೇರ್ ಉದ್ಯಮ ಕಟ್ಟಿದವರು. ಒಬ್ಬ ಟೆಕ್ಕಿಯ ಹಾಡನ್ನು ಇಡೀ ಮಲೆನಾಡು ಪುಕ್ಕಟೆ ಕೇಳಿತು ಅನ್ನಬಹುದು.

ಇದು ಅಪರಾಧವೇ? ಹೌದಾದರೆ ಯಾರದ್ದು? ಉತ್ತರ ಬೇಕಾದರೆ ಕ್ಯಾಸೆಟ್ ಕಾಲಕ್ಕೆ ಹೋಗಬೇಕು.

ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದ್ದು. ಆಗ ಹಾಡನ್ನು ನಕಲು ಮಾಡೋದು ಸಾಮಾನ್ಯರ ಕೈಲಿ ಆಗೋ ಕೆಲಸ ಆಗಿರಲಿಲ್ಲ, ರೆಕಾರ್ಡ್ ಒತ್ತಲು ಕಾರ್ಖಾನೆಯೇ ಬೇಕಿತ್ತು. ಕ್ಯಾಸೆಟ್ ಬಂದಮೇಲೆ ಲೆಕ್ಕ ಬದಲಾಯಿತು. ಎರಡು ಡೆಕ್ಕಿನ ಒಂದು ಟೇಪ್‌ರೆಕಾರ್ಡರ್ ಇದ್ದರೆ ಯಾರು ಬೇಕಾದರೂ ನಕಲು ಮಾಡಬಹುದಿತ್ತು. ಕಂಪನಿಗಳ ಕೂಗಿಗೆ ಸರ್ಕಾರ 1984ರಲ್ಲಿ ಕಾಯ್ದೆ ತಿದ್ದಿತು. ಕಲಂ 63ರ ಪ್ರಕಾರ ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದರೆ ಕನಿಷ್ಠ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಸಬ್ ಇನ್‌ಸ್ಪೆಕ್ಟರ್ ದರ್ಜೆಯ ಅಧಿಕಾರಿ ವಾರಂಟ್ ಇಲ್ಲದೇ ನಕಲು ಪ್ರತಿಗಳನ್ನು ವಶಪಡಿಸಿಕೊಳ್ಳಬಹುದು. ಹಣ ಮಾಡುವ ಉದ್ದೇಶ ಇರಲಿಲ್ಲ ಅಂದರೆ ನ್ಯಾಯಾಲಯ ಶಿಕ್ಷೆ ಇಳಿಸಬಹುದು. ಅಂದರೆ ಕಾನೂನಿನ ಕಣ್ಣು ಇದ್ದಿದ್ದು ಅಂಗಡಿಯವನ ಮೇಲೆ, ಕೇಳುವವನ ಮೇಲೆ ಅಲ್ಲ.

ಕೇಳುವವನನ್ನೇ ಕಟಕಟೆಗೆ ತಂದಿದ್ದು ಅಮೆರಿಕ. 1999ರಲ್ಲಿ ಶುರುವಾದ ನ್ಯಾಪ್‌ಸ್ಟರ್ ಎರಡೇ ವರ್ಷದಲ್ಲಿ ಕೋರ್ಟಿನ ಏಟಿಗೆ ಮುಚ್ಚಿತು. ಆದರೆ ಹಾಡು ಹಂಚುವ ಹೊಸ ತಂತ್ರಾಂಶಗಳು ಹುಟ್ಟುತ್ತಲೇ ಇದ್ದವು. ಆಗ ಅಲ್ಲಿನ ಸಂಗೀತ ಕಂಪನಿಗಳ ಸಂಘ 2003ರ ಸೆಪ್ಟೆಂಬರ್‌ನಲ್ಲಿ ಒಂದೇ ಸಲ 261 ಜನರ ಮೇಲೆ ದಾವೆ ಹೂಡಿತು. ಅದರಲ್ಲಿ 12 ವರ್ಷದ ಒಬ್ಬ ಹುಡುಗಿಯೂ ಇದ್ದಳು, ಆಕೆಯ ಮನೆಯವರು 2,000 ಡಾಲರ್ ಕೊಟ್ಟು ರಾಜಿಯಾದರು. ಮಿನ್ನೆಸೋಟದ ಒಬ್ಬ ತಾಯಿ ಮಾತ್ರ ರಾಜಿಯಾಗದೆ ಕೋರ್ಟಿಗೆ ಹೋದಳು. 24 ಹಾಡಿಗೆ 2,22,000 ಡಾಲರ್ ಕಟ್ಟಬೇಕು ಅಂತ 2007ರಲ್ಲಿ ತೀರ್ಪಾಯಿತು. ಹಾಡಿಗೆ 9,250 ಡಾಲರ್! ಇಷ್ಟೆಲ್ಲ ಆಗಿಯೂ ಡೌನ್‌ಲೋಡ್ ನಿಲ್ಲಲಿಲ್ಲ. 2008ರ ಕೊನೆಗೆ ಸಂಘವೇ ಇಂಥ ಸಾಮೂಹಿಕ ದಾವೆಗಳನ್ನು ಕೈಬಿಟ್ಟಿತು.

ಇಲ್ಲಿ ತಂತ್ರಜ್ಞಾನದ ಒಂದು ಸೂಕ್ಷ್ಮ ಇದೆ. ವೆಬ್‌ಸೈಟಿಂದ ಹಾಡು ಇಳಿಸಿಕೊಂಡಾಗ ನೀವು ಬರೀ ತಗೊಳ್ಳೋರು. ಟೊರೆಂಟ್ ಹಾಗಲ್ಲ. ಫೈಲನ್ನು ಚೂರು ಚೂರು ಮಾಡಿ, ನಿಮಗೆ ಸಿಕ್ಕ ಚೂರನ್ನು ಅದೇ ಕ್ಷಣ ಬೇರೆಯವರಿಗೂ ಕಳಿಸುತ್ತೆ. ಡೌನ್‌ಲೋಡ್ ಮುಗಿದ ಮೇಲೂ ಕಿಟಕಿ ಮುಚ್ಚದಿದ್ದರೆ ಹಂಚುತ್ತಲೇ ಇರುತ್ತೆ. ನಿಮ್ಮ ಐಪಿ ವಿಳಾಸ ಆ ಗುಂಪಿನಲ್ಲಿರೋ ಎಲ್ಲರಿಗೂ ಕಾಣುತ್ತೆ. ನಮ್ಮ ಕಾಯ್ದೆಯ ಕಲಂ 52ರಲ್ಲಿ ಖಾಸಗಿ ಬಳಕೆಗೆ ಒಂದಿಷ್ಟು ರಿಯಾಯಿತಿ ಇದೆ. ಆದರೆ ಗುರುತಿಲ್ಲದ ಸಾವಿರ ಜನಕ್ಕೆ ಹಂಚುವುದನ್ನು ‘ಖಾಸಗಿ’ ಅಂತ ವಾದಿಸೋದು ಹೇಗೆ? ಅಂಗಡಿಯವನಿಗೂ ಗಿರಾಕಿಗೂ ಇದ್ದ ವ್ಯತ್ಯಾಸವನ್ನೇ ಟೊರೆಂಟ್ ಅಳಿಸಿಬಿಟ್ಟಿತು.

ಭಾರತ ಅಮೆರಿಕದ ದಾರಿ ಹಿಡಿಯಲಿಲ್ಲ, ಇಲ್ಲಿ ಬಾಗಿಲು ಹಾಕುವ ದಾರಿ ಬಂತು. 2012ರಲ್ಲಿ ಕಲ್ಕತ್ತಾ ಹೈಕೋರ್ಟ್ ಆದೇಶದಂತೆ 104 ಸಂಗೀತ ತಾಣಗಳನ್ನು ತಡೆಹಿಡಿಯಲಾಯಿತು. 2016ರಲ್ಲಿ ಇಂಥ ಪುಟ ತೆರೆದರೆ ‘ನೋಡಿದರೂ 3 ವರ್ಷ ಜೈಲು’ ಎಂಬರ್ಥದ ಎಚ್ಚರಿಕೆ ಕಾಣತೊಡಗಿತು. ವಾಟ್ಸಾಪ್ ತುಂಬ ಗಾಬರಿ. ಆಗ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಗೌತಮ್ ಪಟೇಲ್, ಬರೀ ನೋಡುವುದು ಅಪರಾಧವಲ್ಲ, ಹಕ್ಕುದಾರರಿಗೆ ನಷ್ಟವಾಗುವಂತೆ ಹಂಚುವುದು, ಪ್ರದರ್ಶಿಸುವುದು, ಮಾರುವುದು ಅಪರಾಧ ಎಂದು ಸ್ಪಷ್ಟಪಡಿಸಿದರು.

ಅಷ್ಟರಲ್ಲಿ ಕರ್ನಾಟಕ ಇನ್ನೂ ಮುಂದೆ ಹೋಗಿತ್ತು. 2014ರಲ್ಲಿ ನಮ್ಮ ಗೂಂಡಾ ಕಾಯ್ದೆಗೆ ‘ಡಿಜಿಟಲ್ ಅಪರಾಧಿ’ ಸೇರಿಸಿದರು. ವಾಣಿಜ್ಯ ಉದ್ದೇಶಕ್ಕೆ ಹಾಡು, ಸಿನಿಮಾ, ಪುಸ್ತಕದ ಕೃತಿಸ್ವಾಮ್ಯ ಉಲ್ಲಂಘಿಸುವವರೂ ಇದರೊಳಗೆ ಬಂದರು. ಈ ಕಾಯ್ದೆಯಲ್ಲಿ ವಿಚಾರಣೆಯೇ ಇಲ್ಲದೆ ಒಂದು ವರ್ಷದ ತನಕ ಬಂಧನದಲ್ಲಿ ಇಡಬಹುದು. ಅಪರಾಧ ಮಾಡಲು ಸಿದ್ಧತೆ ನಡೆಸಿದ್ದಾನೆ ಅನ್ನೋದೂ ಕಾರಣ ಆಗಬಹುದು. 2022ರಲ್ಲಿ ಸುಪ್ರೀಂ ಕೋರ್ಟ್, ಕಲಂ 63ರ ಅಪರಾಧಕ್ಕೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು, ಜಾಮೀನು ಹಕ್ಕಾಗಿ ಸಿಗೋದಿಲ್ಲ ಎಂದಿತು.

ಈಗ ಲೆಕ್ಕ ಹಾಕಿ. ಬೆಂಗಳೂರಿನ ಫ್ಲಾಟಿನಲ್ಲಿ ಕೂತು ರಾತ್ರಿಯೆಲ್ಲ ಟೊರೆಂಟ್ ಬಿಟ್ಟು ಮಲಗುವ ಇಂಜಿನಿಯರ್ ಒಂದು ವಾರದಲ್ಲಿ ಹಂಚುವ ಹಾಡುಗಳನ್ನು ಹೋಬಳಿಯ ಮೊಬೈಲ್ ಅಂಗಡಿ ಹುಡುಗ ವರ್ಷಕ್ಕೂ ಹಂಚಲಾರ. ಆದರೆ ಆ ಹುಡುಗ ಇಪ್ಪತ್ತು ರೂಪಾಯಿ ತಗೊಂಡ, ಆದ್ದರಿಂದ ಅವನದ್ದು ‘ವಾಣಿಜ್ಯ’. ಅವನಿಗೆ ಬೋರ್ಡಿದೆ, ಬಾಗಿಲಿದೆ, ಪೊಲೀಸರಿಗೆ ವಿಳಾಸ ಗೊತ್ತಿದೆ. ನಮಗೆ ಇರೋದು ರೂಟರ್ ಹಿಂದಿನ ಒಂದು ಐಪಿ ವಿಳಾಸ. ಕಾಗದದ ಮೇಲೆ ಇಬ್ಬರೂ ಕಲಂ 63ರ ಅಳತೆಗೆ ಬರ್ತಾರೆ. ಸಿಕ್ಕಿಬೀಳುವ ಸಾಧ್ಯತೆ ಮಾತ್ರ ಒಬ್ಬನಿಗೇ ಹೆಚ್ಚು.

ಹಾಡು ಮಾಡಿದವರಿಗೆ ದುಡ್ಡು ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಈಗಂತೂ ತಿಂಗಳಿಗೆ ಒಂದು ಕಾಫಿ-ತಿಂಡಿಯ ದುಡ್ಡಿಗೆ ಹಾಡಿನ ಆ್ಯಪ್ ಸಿಗುತ್ತೆ. ಸಂಬಳದವರಿಗೆ ನೆಪ ಉಳಿದಿಲ್ಲ. ಆದರೆ ಒಂದು ಹಾಡಿನ ನಕಲಿಗೂ ರೌಡಿಗಳಿಗೂ ಒಂದೇ ಕಾಯ್ದೆ ಬೇಕಾ ಅನ್ನೋ ಪ್ರಶ್ನೆಯನ್ನು ನಾವೇ ಕೇಳಬೇಕು. ಯಾಕೆಂದರೆ ಆ ಕಾಯ್ದೆ ನಮ್ಮ ಫ್ಲಾಟಿನ ಬೆಲ್ ಒತ್ತುವ ಮುಂಚೆ ಹೋಬಳಿ ಅಂಗಡಿಯ ಶಟರ್ ತಟ್ಟುತ್ತೆ.