ಛತ್ರ ಯಾರದು?

ಈಗ ನಮ್ಮಲ್ಲಿ ಛತ್ರ ಎಂದರೆ ಮದುವೆ. ಜಾತಕ ಕೂಡಿತು, ಎರಡೂ ಕಡೆಯವರು ಒಪ್ಪಿದರು ಎಂದ ಮೇಲೆ ಬರುವ ಮೊದಲ ಪ್ರಶ್ನೆ, ‘ಛತ್ರ ಸಿಕ್ಕಿತಾ?’ ಆಮೇಲೆ ಅಡ್ವಾನ್ಸು, ಪಾತ್ರೆ ಬಾಡಿಗೆ, ಕರೆಂಟಿಗೆ ಬೇರೆ ಲೆಕ್ಕ, ಮರುದಿನ ಸಂಜೆಯೊಳಗೆ ಖಾಲಿ ಮಾಡಿಕೊಡಬೇಕೆಂಬ ಕರಾರು. ಕೆಲವರು ಚೌಟ್ರಿ ಎನ್ನುತ್ತಾರೆ. ಅದೂ ನಮ್ಮ ಚಾವಡಿಯೇ, ಇಂಗ್ಲಿಷರ ಬಾಯಿಗೆ ಹೋಗಿ ಮರಳಿ ಬಂದದ್ದು.

ಈ ಪದದ ಹಳೆಯ ಮನೆಯನ್ನು ನೋಡಬೇಕೆಂದೇ ಗೆಳೆಯರು ಕಾರು ಹತ್ತಿದೆವು. ನಸುಕಿನಲ್ಲಿ ಬೆಂಗಳೂರು ಬಿಟ್ಟು, ಕೃಷ್ಣಗಿರಿಯಲ್ಲಿ ತಿಂಡಿ ಮುಗಿಸಿ, ಸೇಲಂ, ನಾಮಕ್ಕಲ್ ದಾಟಿದರೆ ತಿರುಚ್ಚಿಯ ಹೊತ್ತಿಗೆ ಕಾವೇರಿ ಮತ್ತೆ ಎದುರಾಗುತ್ತಾಳೆ. ಅಲ್ಲಿನ ಊರ ಬಸ್ ನಿಲ್ದಾಣದ ಹೆಸರು ‘ಚತ್ತಿರಂ’. ಕಾರು ಓಡಿಸುತ್ತಿದ್ದ ಗೆಳೆಯ, ‘ಬಸ್ ಸ್ಟ್ಯಾಂಡಿಗೂ ಛತ್ರ ಅಂತಾರಲ್ಲ ಮಾರಾಯ’ ಎಂದ. ಅನ್ನಲೇಬೇಕಲ್ಲ! ದಾರಿಹೋಕರು ಇಳಿಯುವ ಜಾಗವಿದ್ದಲ್ಲಿ ಆ ಹೆಸರು ನಿಲ್ಲುತ್ತದೆ. ದಿಂಡಿಗಲ್ ಸೀಮೆಯ ತರಕಾರಿ ಪೇಟೆ ಒಡ್ಡನ್‌ಚತ್ರಂ, ಅದರ ಹೆಸರಲ್ಲೂ ಛತ್ರವೇ ಇದೆ.

ಛತ್ರ ಎಂದರೆ ಕೊಡೆ. ಆದರೆ ದಾರಿಯ ಛತ್ರ ಆ ಕೊಡೆಯಿಂದ ಬಂದದ್ದಲ್ಲ, ‘ಸತ್ರ’ ಎಂಬುದರಿಂದ ಬಂದದ್ದು. ತೆಲುಗರು ಇಂದಿಗೂ ಸತ್ರಂ ಎನ್ನುತ್ತಾರೆ. ನಮ್ಮ ಶಾಸನಗಳಲ್ಲೂ ಬಿಟ್ಟ ಭೂಮಿ ಸತ್ರಕ್ಕೇ. ಕನ್ನಡಿಗರ ಹಾಗೆ ಮರಾಠಿಗರ ನಾಲಗೆಯಲ್ಲೂ ಅದು ಛಕಾರ ಪಡೆದು ಅನ್ನಛತ್ರವಾಯಿತು. ಅಮರಕೋಶ ಸತ್ರ ಪದಕ್ಕೆ ನಾಲ್ಕು ಅರ್ಥ ಕೊಡುತ್ತದೆ: ಹೊದಿಕೆ, ಯಜ್ಞ, ಸದಾ ನಡೆಯುವ ದಾನ, ಕಾಡು. ಹೊದಿಕೆಯೂ ನಿತ್ಯದಾನವೂ ಒಂದೇ ಪದದೊಳಗೆ ಕೂಡಿರುವುದು ನನಗೆ ತುಂಬ ಹಿಡಿಸಿದೆ. ಕೊಡೆಯೊಡನೆ ಆದ ಗೊಂದಲವೂ ಅನ್ಯಾಯದ್ದಲ್ಲ ಅನ್ನಿಸುತ್ತದೆ.

ತಂಜಾವೂರಿಗೆ ಹೋದವರು ಸಾಮಾನ್ಯವಾಗಿ ಬೃಹದೀಶ್ವರನ ಗುಡಿ, ಸರಸ್ವತಿ ಮಹಲ್ ಗ್ರಂಥಾಲಯ ನೋಡಿ ಹಿಂದಿರುಗುತ್ತಾರೆ. ನಾವು ಪಟ್ಟುಕೋಟೆ ರಸ್ತೆ ಹಿಡಿದು ಒರತ್ತನಾಡಿಗೆ ಹೋದೆವು. ರಾಮೇಶ್ವರ ಯಾತ್ರೆಯ ದಾರಿಯುದ್ದಕ್ಕೂ ತಂಜಾವೂರಿನ ಮರಾಠಾ ಅರಸರು ಕಟ್ಟಿಸಿದ ಛತ್ರಗಳಲ್ಲಿ ಒಂದು, ಮುಕ್ತಾಂಬಾ ಛತ್ರ, ಇರುವುದು ಅಲ್ಲಿ. ಎರಡನೆಯ ಸರ್ಫೋಜಿ ತನ್ನ ಪ್ರೀತಿಯ ಮುಕ್ತಾಂಬಾಳ ಹೆಸರಲ್ಲಿ ಕಟ್ಟಿಸಿದ್ದು. ಸಾಯುವ ಮುನ್ನ ಅವಳೇ ಕೇಳಿಕೊಂಡಿದ್ದಳೆಂದು ಜನ ಹೇಳುತ್ತಾರೆ. ಕಟ್ಟಡವನ್ನೇ ತೇರು ಮಾಡಿ ಎಳೆಯುತ್ತಿರುವಂತೆ ಕಡೆದ ಆನೆ ಕುದುರೆಗಳ ಮುಂದೆ ನಾವು ಬಹಳ ಹೊತ್ತು ನಿಂತೆವು.

ಆದರೆ ನನ್ನನ್ನು ಅಲ್ಲಿಗೆ ಎಳೆದದ್ದು ಕೆತ್ತನೆಯಲ್ಲ, ಒಂದು ಕಾಗದ. 1799ರ ಒಪ್ಪಂದದಲ್ಲಿ ಸರ್ಫೋಜಿ ರಾಜ್ಯದ ಆಡಳಿತವನ್ನು ಕಂಪನಿಗೆ ಬಿಟ್ಟುಕೊಟ್ಟಿದ್ದ. 1801ರಲ್ಲಿ ಅವನು ಬ್ರಿಟಿಷ್ ರೆಸಿಡೆಂಟನಿಗೆ ಬರೆದು, ಛತ್ರಗಳು ನಿಲ್ಲದಂತೆ ನೋಡಿಕೊಳ್ಳಬೇಕೆಂದು ಕೋರಿದ. ಅಲ್ಲಿ ನಡೆಯುವುದನ್ನೆಲ್ಲ ಒಂದೊಂದಾಗಿ ಹೇಳಿದ. ಬ್ರಾಹ್ಮಣರಿಂದ ಹಿಡಿದು ಪರಯರವರೆಗೆ, ಜೋಗಿ ಜಂಗಮ ಬೈರಾಗಿಗಳವರೆಗೆ, ದಾರಿಯಲ್ಲಿ ಬಂದ ಎಲ್ಲರಿಗೂ ಊಟ. ಬೇಯಿಸಿದ್ದನ್ನು ತಿನ್ನದವರಿಗೆ ಅಕ್ಕಿ, ಪದಾರ್ಥ. ಮಧ್ಯರಾತ್ರಿಯವರೆಗೂ ಬಡಿಸುವುದು. ಆಗ ಗಂಟೆ ಬಾರಿಸಿ, ಇನ್ನೂ ಉಣ್ಣದವರಿದ್ದರೆ ಬನ್ನಿ ಎಂದು ಕರೆಯುವುದು. ಕಾಯಿಲೆ ಬಿದ್ದವರಿಗೆ ವೈದ್ಯರು, ಮದ್ದು. ಬಸುರಿಯರಿಗೆ ಆರೈಕೆ, ಕೂಸುಗಳಿಗೆ ಹಾಲು. ಸತ್ತರೆ ಅವರವರ ಪದ್ಧತಿಯಂತೆ ಸಂಸ್ಕಾರ. ತಂದೆತಾಯಿ ಛತ್ರದಲ್ಲೇ ತೀರಿಕೊಂಡು ಉಳಿದ ಮಕ್ಕಳಿಗೆ ಅನ್ನ, ವಿದ್ಯೆ.

ಅಷ್ಟೂ ಒಂದು ಪದದ ಅರ್ಥ. ನಿಘಂಟಿನಲ್ಲಿ ‘ಪ್ರಯಾಣಿಕರು ತಂಗುವ ಸ್ಥಳ’ ಎಂದು ಬರೆದರೆ ಆ ಮಧ್ಯರಾತ್ರಿಯ ಗಂಟೆ ಅದರಲ್ಲಿ ಕೇಳಿಸುವುದಿಲ್ಲ. ಹಸಿದವನು ಬಂದು ಬೇಡುವ ಮೊದಲೇ ಅವನನ್ನು ಹುಡುಕುವ ಮನೆ ಅದು. ಜಾತಿಗೆ ತಕ್ಕ ಪಂಕ್ತಿ, ಅಡುಗೆಯ ಭೇದ ಆ ಕಾಲದಲ್ಲಿ ಇದ್ದೇ ಇದ್ದವು, ಅದನ್ನು ಮರೆಮಾಚಬಾರದು. ಆದರೂ ಬಾಗಿಲಲ್ಲಿ ‘ನೀನು ಯಾರ ಕಡೆಯವನು’ ಎಂದು ಕೇಳಿ ಹಿಂದಕ್ಕೆ ಕಳಿಸುವ ಪದ್ಧತಿ ಅಲ್ಲಿರಲಿಲ್ಲ. ಇವತ್ತಿನ ನಮ್ಮ ಛತ್ರದಲ್ಲಿ ಮೊದಲು ಕೇಳುವುದೇ ಅದನ್ನು: ಗಂಡಿನ ಕಡೆಯವರಾ, ಹೆಣ್ಣಿನ ಕಡೆಯವರಾ?

ರೈಲು ಬಂದಾಗ ಛತ್ರವೂ ಜಾಗ ಬದಲಿಸಿತು. ಮಧುರೆಯಲ್ಲಿ ರಾಣಿ ಮಂಗಮ್ಮಾಳ್ ಹೆಸರಿನ ಛತ್ರದ ಎದುರಿಗೇ ರೈಲು ನಿಲ್ದಾಣ ಬಂತು. ಬೆಂಗಳೂರಿನಲ್ಲಿ ರೈಲು ನಿಲ್ದಾಣವಿದ್ದ ಕಡೆಗೇ ಛತ್ರ ಹೋಯಿತು: ಗುಬ್ಬಿ ತೋಟದಪ್ಪನವರು ಸ್ವಂತ ದುಡ್ಡಿನಲ್ಲಿ ಭೂಮಿ ಕೊಂಡು ಕಟ್ಟಿಸಿದ್ದನ್ನು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತೆರೆದರು. ರೈಲಿಳಿದು ಟ್ರಂಕು ಹೊತ್ತು ‘ತೋಟದಪ್ಪನ ಛತ್ರ’ ಕೇಳಿಕೊಂಡು ಹೋದವರ ಮಕ್ಕಳು ಮೊಮ್ಮಕ್ಕಳು ಇವತ್ತು ಬೆಂಗಳೂರಿಗರು. ಆಮೇಲೆ ಲಾಡ್ಜು ಬಂತು. ಮದುವೆಗಳು ಮನೆಯಂಗಳದ ಚಪ್ಪರ ಬಿಟ್ಟು ಹೊರಬಿದ್ದವು. ದೊಡ್ಡ ಹಜಾರ, ದೊಡ್ಡ ಒಲೆ, ಸಾಲು ಕೋಣೆ ಇದ್ದದ್ದು ಛತ್ರಗಳಲ್ಲೇ ಆದ್ದರಿಂದ ಹೆಸರೂ ಮದುವೆಗೆ ಹೋಯಿತು.

ಹಳೆಯ ಅರ್ಥ ಬೈಗುಳದಲ್ಲಿ ಮಾತ್ರ ಗಟ್ಟಿಯಾಗಿ ಉಳಿದಿದೆ. ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬರುವ ಮಗನಿಗೆ ಅಮ್ಮ, ‘ಇದೇನು ಮನೆನೋ, ಛತ್ರನೋ?’ ಎನ್ನುತ್ತಾಳೆ. ಯಾರು ಬೇಕಾದರೂ ಬಂದು ಉಂಡು ಮಲಗಬಹುದಾದ ಜಾಗ ಛತ್ರ ಎಂಬುದು ಆ ಗದರಿಕೆಗೆ ಇನ್ನೂ ಗೊತ್ತಿದೆ.

ತಂಜಾವೂರು ಜಿಲ್ಲಾ ಆಡಳಿತದಲ್ಲಿ ಛತ್ರಗಳಿಗೆಂದೇ ಇರುವ ವಿಭಾಗ ಈಗಲೂ ಬಡ ವಿದ್ಯಾರ್ಥಿಗಳ ಹಾಸ್ಟೆಲುಗಳನ್ನು ನೋಡಿಕೊಳ್ಳುತ್ತದೆ. ಒರತ್ತನಾಡಿನಿಂದ ಹೊರಡುವಾಗ ನಾವು ಮಾತಾಡಿಕೊಂಡದ್ದು ನಮ್ಮೂರಿನ ಬಗ್ಗೆ. ಬೆಂಗಳೂರಿನ ದೊಡ್ಡಾಸ್ಪತ್ರೆಗಳ ಮುಂದೆ ರಾಯಚೂರಿನಿಂದ, ಬೀದರಿನಿಂದ ಬಂದ ರೋಗಿಗಳ ಕಡೆಯವರು ಚಾಪೆ ಹಾಸಿ ಮಲಗುತ್ತಾರೆ. ಅವರಿಗಾಗಿ ಕೆಲವು ಕಡೆ ತಂಗುವ ಮನೆ ಕಟ್ಟಿಸಿ ಧರ್ಮಶಾಲೆ ಎಂದು ಬೋರ್ಡು ಹಾಕಿದ್ದಾರೆ. ಮದುವೆಗೆ ಕಲ್ಯಾಣ ಮಂಟಪ ಎಂಬ ಚೆಂದದ ಹೆಸರು ಇದ್ದೇ ಇದೆ. ಆ ತಂಗುವ ಮನೆಗಳ ಬೋರ್ಡುಗಳ ಮೇಲೆ ಛತ್ರ ಎಂದೇ ಬರೆಯಿಸಬೇಕು, ಅಂಥ ಮನೆಗಳು ಇನ್ನಷ್ಟು ಏಳಬೇಕು ಎಂದು ನಾನು ಕೇಳುತ್ತಿದ್ದೇನೆ.